ಕೋಚ್ ಎದ್ದರೆ ತಂಡವೂ ಎದ್ದಂತೆ: ಅಮೆರಿಕದ ಕಾಲೇಜ್ ಬ್ಯಾಸ್ಕೆಟ್‌ಬಾಲ್‌ನ ಏಪ್ರಿಲ್ ತಿಂಗಳನ್ನು ಓದುವ ಬಗೆ

ಎನ್‌ಸಿಎಎ (ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆ) ಪುರುಷರ ಫೈನಲ್ ಅಲ್ಲಿನ ಪೂರ್ವ ಕಾಲಮಾನದಲ್ಲಿ ಸೋಮವಾರ ರಾತ್ರಿ 8.50ಕ್ಕೆ ಶುರುವಾದರೆ ಬಳ್ಳಾರಿಯಲ್ಲಿ ಮಂಗಳವಾರ ಬೆಳಿಗ್ಗೆ 6.20. ಬಿಸಿಲೇರುವ ಮುಂಚೆ ಕೋರ್ಟಿಗೆ ಹೋಗಿ ಬರುವವರಿಗೆ ಆವತ್ತು ಪ್ರಾಕ್ಟೀಸ್ ಬಿಡಬೇಕೋ ಫೈನಲ್ ಬಿಡಬೇಕೋ ಅನ್ನುವ ಪೇಚಾಟ. ಅದು ಮುಗಿದ ಮೇಲೆ ಹುಡುಗರ ವಾಟ್ಸಾಪ್ ಗ್ರೂಪುಗಳಲ್ಲಿ ಇನ್ನೊಂದು ಆಟ ಶುರು: ಯಾರು ಪೋರ್ಟಲ್‌ಗೆ (ಕಾಲೇಜು ಬದಲಿಸುವವರ ಪಟ್ಟಿಗೆ) ಹೋದ, ಯಾರಿಗೆ ಎಷ್ಟು ಡಾಲರ್, ಯಾವ ತಂಡ ಎಷ್ಟನೇ ರ‍್ಯಾಂಕ್. ಪಟ್ಟಿ ಸಣ್ಣದಲ್ಲ. 2025ರಲ್ಲಿ ಡಿವಿಷನ್ ಒಂದರ (ಅತಿ ಮೇಲಿನ ದರ್ಜೆ) ಪುರುಷ ಆಟಗಾರರೇ 2,000ಕ್ಕಿಂತ ಹೆಚ್ಚು ಜನ ಹೆಸರು ಕೊಟ್ಟರು. ಅಷ್ಟು ಹೆಸರುಗಳ ಬೆನ್ನು ಹತ್ತಿದರೆ ತಲೆ ಕೆಡುತ್ತದೆಯೇ ಹೊರತು ಮುಂದಿನ ವರ್ಷ ಯಾವ ತಂಡ ಆಡುತ್ತದೆ, ಯಾವುದು ಕುಸಿಯುತ್ತದೆ ಅನ್ನುವುದು ತಿಳಿಯುವುದಿಲ್ಲ. ಮೊದಲು ಕೋಚುಗಳ ಪಟ್ಟಿ ಹಿಡಿಯಿರಿ. ಅದನ್ನು ಓದಿಕೊಂಡರೆ ಆಟಗಾರರ ಪಟ್ಟಿ ತನ್ನಿಂತಾನೇ ಬಿಡಿಸಿಕೊಳ್ಳುತ್ತದೆ.

2025ರ ಮಾರ್ಚ್ ತಿಂಗಳನ್ನೇ ನೋಡಿ. ಡೇಟನ್‌ನಲ್ಲಿ ನಡೆದ ಫಸ್ಟ್ ಫೋರ್ (ಎನ್‌ಸಿಎಎ ಟೂರ್ನಿಯ ಮೊದಲ ಸುತ್ತಿಗೂ ಮುಂಚಿನ) ಪಂದ್ಯದಲ್ಲಿ ಝೇವಿಯರ್ ತಂಡ ಟೆಕ್ಸಸ್ಸನ್ನು 86–80ರಿಂದ ಸೋಲಿಸಿತು. ಕೆಲವೇ ದಿನಗಳಲ್ಲಿ ಟೆಕ್ಸಸ್ ತನ್ನ ಕೋಚ್ ರಾಡ್ನಿ ಟೆರಿಯವರನ್ನು ತೆಗೆದು, ತನ್ನನ್ನು ಸೋಲಿಸಿದ ಝೇವಿಯರ್‌ನ ಕೋಚ್ ಶಾನ್ ಮಿಲ್ಲರ್ ಅವರನ್ನೇ ಕರೆತಂದಿತು. ಝೇವಿಯರ್ ಜಾಗಕ್ಕೆ ನ್ಯೂ ಮೆಕ್ಸಿಕೋದಿಂದ ರಿಚರ್ಡ್ ಪಿಟಿನೊ ಬಂದರು. ನ್ಯೂ ಮೆಕ್ಸಿಕೋಗೆ ಯುಸಿ ಸ್ಯಾನ್ ಡಿಯೇಗೋದಿಂದ ಎರಿಕ್ ಓಲೆನ್. ಸ್ಯಾನ್ ಡಿಯೇಗೋದಲ್ಲಿ ಸಹಾಯಕ ಕೋಚ್ ಕ್ಲಿಂಟ್ ಅಲ್ಲಾರ್ಡ್‌ಗೆ ಬಡ್ತಿ. ಮೇಲೆ ಒಂದು ಕುರ್ಚಿ ಖಾಲಿಯಾಗಿದ್ದಕ್ಕೆ ಕೆಳಗೆ ಮೂರು ಊರುಗಳಲ್ಲಿ ಗೋಜಲು.

ನಮ್ಮಲ್ಲಿ ಮೇಷ್ಟ್ರ ವರ್ಗಾವಣೆ ಕೌನ್ಸೆಲಿಂಗ್ ನೋಡಿದವರಿಗೆ ಇದು ಹೊಸದಲ್ಲ. ಹೊಸಪೇಟೆಯವರು ಬಳ್ಳಾರಿಗೆ, ಆ ಜಾಗಕ್ಕೆ ಸಿರುಗುಪ್ಪದವರು, ಅಲ್ಲಿಗೆ ಇನ್ನೂ ಒಳಗಿನ ಹಳ್ಳಿಯವರು. ಕೊನೆಗೆ ಖಾಲಿ ಉಳಿಯುವುದು ಯಾರೂ ಕೇಳದ ಒಂದು ಶಾಲೆ. ವ್ಯತ್ಯಾಸ ಒಂದೇ. ಇಲ್ಲಿ ಮೇಷ್ಟ್ರ ಹಿಂದೆ ಮಕ್ಕಳು ಟಿಸಿ ತಗೊಂಡು ಹೊರಡುವುದಿಲ್ಲ. ಅಲ್ಲಿ ಹೊರಡುತ್ತಾರೆ. ಝೇವಿಯರ್‌ನ ಮುಖ್ಯ ಸ್ಕೋರರ್‌ಗಳಲ್ಲೊಬ್ಬನಾದ ರಯಾನ್ ಕಾನ್‌ವೆಲ್ ಲೂಯಿವಿಲ್‌ಗೆ ಹೋದ. ನ್ಯೂ ಮೆಕ್ಸಿಕೋದ ಪಾಯಿಂಟ್ ಗಾರ್ಡ್ (ಚೆಂಡು ತಂದು ಆಟ ಕಟ್ಟುವವನು) ಡಾನೊವನ್ ಡೆಂಟ್ ಯುಸಿಎಲ್‌ಎಗೆ. ಸರಪಳಿಯ ತುದಿಯಲ್ಲಿದ್ದ ಸ್ಯಾನ್ ಡಿಯೇಗೋ ಆ ವರ್ಷವಷ್ಟೇ ಮೊದಲ ಸಲ ಎನ್‌ಸಿಎಎ ಟೂರ್ನಿಗೆ ಅರ್ಹತೆ ಪಡೆದು, ಮಿಶಿಗನ್ ಎದುರು 68–65ರಲ್ಲಿ ಕೂದಲೆಳೆಯಲ್ಲಿ ಸೋತಿತ್ತು. ಒಳ್ಳೆಯ ವರ್ಷದ ಬಹುಮಾನವಾಗಿ ಅದಕ್ಕೆ ಸಿಕ್ಕಿದ್ದು ಹಳೆಯ ಕೋಚ್ ಇಲ್ಲದ ಏಪ್ರಿಲ್.

ಡೇಟನ್‌ನ ಆ ಪಂದ್ಯದಲ್ಲೇ ಇನ್ನೊಂದು ಕಥೆ ಅಡಗಿತ್ತು. ಟೆಕ್ಸಸ್ ಪರ ಆಡಿದ ಜೂಲಿಯನ್ ಲ್ಯಾರಿ, ಜೇಸನ್ ಕೆಂಟ್. ಝೇವಿಯರ್ ಪರ ಆಡಿದ ಕಾನ್‌ವೆಲ್. ಮೂವರೂ ಹಿಂದಿನ ವರ್ಷ ಒಂದೇ ತಂಡದವರು: ಇಂಡಿಯಾನಾ ಸ್ಟೇಟ್, ಎನ್‌ಬಿಎ ದಿಗ್ಗಜ ಲ್ಯಾರಿ ಬರ್ಡ್ ಓದಿದ ಕಾಲೇಜು. 2023–24ರಲ್ಲಿ ಜಾಶ್ ಶರ್ಟ್ಸ್ ಎಂಬ ಕೋಚ್ ಆ ತಂಡಕ್ಕೆ 32 ಗೆಲುವು ತಂದುಕೊಟ್ಟರು. ಎನ್‌ಐಟಿ (ಎನ್‌ಸಿಎಎ ಟೂರ್ನಿಗೆ ಸೇರದ ತಂಡಗಳ ಟೂರ್ನಿ) ಫೈನಲ್‌ನಲ್ಲಿ ಸೀಟನ್ ಹಾಲ್ ಎದುರು 79–77ರಲ್ಲಿ ಸೋತರು. ಆಮೇಲೆ ಶರ್ಟ್ಸ್ ಸೇಂಟ್ ಲೂಯಿಸ್ ವಿಶ್ವವಿದ್ಯಾಲಯಕ್ಕೆ ಹೊರಟರು. ಆರಂಭಿಕ ಐವರೂ ಹೊರಟರು. ಕನ್ನಡಕ ಹಾಕಿಕೊಂಡು ಆಡುತ್ತಿದ್ದ ಸೆಂಟರ್ ರಾಬಿ ಅವಿಲಾ ಮತ್ತು ಗಾರ್ಡ್ ಐಸಾಯಾ ಸ್ವೋಪ್ ಕೋಚ್ ಹಿಂದೆಯೇ ಸೇಂಟ್ ಲೂಯಿಸ್‌ಗೆ, ಇಬ್ಬರು ಟೆಕ್ಸಸ್‌ಗೆ, ಒಬ್ಬ ಝೇವಿಯರ್‌ಗೆ. ಕಾನ್‌ವೆಲ್‌ಗೆ ಲೂಯಿವಿಲ್ ನಾಲ್ಕನೇ ಕಾಲೇಜು: ಸೌತ್ ಫ್ಲೋರಿಡಾ, ಇಂಡಿಯಾನಾ ಸ್ಟೇಟ್, ಝೇವಿಯರ್, ಲೂಯಿವಿಲ್. ಹುಡುಗನಿಗೆ ನಿಷ್ಠೆ ಇಲ್ಲ ಎಂದು ಬಯ್ಯುವವರು ಇದ್ದಾರೆ. ಅವನು ಇದ್ದ ಎರಡು ಕಡೆ ಕೋಚೇ ಮೊದಲು ಎದ್ದು ಹೋದದ್ದನ್ನು ಅವರು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಈಗ ನಿಯಮ. ಇಲ್ಲಿ ತಪ್ಪು ತಿಳಿವಳಿಕೆ ಬಹಳ.

ಟ್ರಾನ್ಸ್‌ಫರ್ ಪೋರ್ಟಲ್ ಶುರುವಾದದ್ದು 2018ರ ಅಕ್ಟೋಬರ್‌ನಲ್ಲಿ. ಅದೊಂದು ಡೇಟಾಬೇಸ್, ಅಷ್ಟೇ. ಆಟಗಾರ ತನ್ನ ಕಾಲೇಜಿನ ಕಂಪ್ಲಯನ್ಸ್ (ನಿಯಮಪಾಲನೆ) ಆಫೀಸಿಗೆ ಬರೆದು ಕೊಡಬೇಕು. ಕಾಲೇಜು ಎರಡು ಕೆಲಸದ ದಿನಗಳೊಳಗೆ ಹೆಸರು ಏರಿಸಬೇಕು. ಏರಿಸಿದ ಮೇಲೆ ಬೇರೆ ಕಾಲೇಜಿನವರು ಮಾತಾಡಿಸಬಹುದು. ಮುಂಚೆ ಕಾಲೇಜು ಬದಲಿಸಿದರೆ ಒಂದು ವರ್ಷ ಬೆಂಚಿನಲ್ಲಿ ಕೂರಬೇಕಿತ್ತು. 2021ರ ಏಪ್ರಿಲ್‌ನಲ್ಲಿ ಒಂದು ಸಲಕ್ಕೆ ಆ ಶಿಕ್ಷೆ ತೆಗೆದರು. 2023ರ ಡಿಸೆಂಬರ್‌ನಲ್ಲಿ ಪಶ್ಚಿಮ ವರ್ಜೀನಿಯಾದ ಕೋರ್ಟೊಂದು ಎರಡನೇ ಸಲದ ತಡೆಯನ್ನೂ ನಿಲ್ಲಿಸಿತು. 2024ರ ಏಪ್ರಿಲ್‌ನಿಂದ ಓದಿನ ಲೆಕ್ಕ ಸರಿಯಿದ್ದರೆ ಎಷ್ಟು ಸಲವಾದರೂ ಬದಲಿಸಿ ಮರುವರ್ಷವೇ ಆಡಬಹುದು.

ವಿಂಡೋ ಎಂಬುದು ಹೆಸರು ಕೊಡುವುದಕ್ಕೆ ಮಾತ್ರ. ಹೊಸ ಕಾಲೇಜು ಆರಿಸುವುದಕ್ಕೆ ಅಲ್ಲ. ವಿಂಡೋ ಮುಚ್ಚಿತು, ಇನ್ನು ಆಟ ಮುಗಿಯಿತು ಎಂದು ಬರೆಯುವವರು ಇದನ್ನೇ ಮರೆಯುತ್ತಾರೆ. ಹೆಸರು ಕೊಟ್ಟವನು ಜೂನ್‌ನಲ್ಲೂ ಸಹಿ ಹಾಕಬಹುದು. ಈ ವಿಂಡೋ ವರ್ಷವರ್ಷಕ್ಕೆ ಕಿರಿದಾಗಿದೆ: ಮೊದಲು 60 ದಿನ, ಆಮೇಲೆ 45, 2025ರಲ್ಲಿ 30. ಆ ವರ್ಷ ಅದು ತೆರೆದದ್ದು ಮಾರ್ಚ್ 24ಕ್ಕೆ, ಅಂದರೆ ಟೂರ್ನಿಯ ಎರಡನೇ ಸುತ್ತು ಮುಗಿದ ಮರುದಿನ. ಹದಿನಾರರ ಸುತ್ತಿಗೆ ಬಂದ ಕೋಚುಗಳು ಹಗಲು ಎದುರಾಳಿಯ ವಿಡಿಯೊ ನೋಡಿ ರಾತ್ರಿ ಪೋರ್ಟಲ್ ಹುಡುಗರಿಗೆ ಫೋನ್ ಹಚ್ಚುವಂತಾಯಿತು. ಸೋತು ಮನೆಗೆ ಹೋದವರಿಗೆ ಇಡೀ ದಿನ ಅದೇ ಕೆಲಸ. 2026ರಿಂದ ಅದನ್ನು ಫೈನಲ್‌ನ ಮರುದಿನಕ್ಕೆ ತಳ್ಳಿ 15 ದಿನಕ್ಕೆ ಇಳಿಸಿದ್ದಾರೆ: 2026ರಲ್ಲಿ ಏಪ್ರಿಲ್ 7ರಿಂದ 21.

ಕೋಚ್ ಬದಲಾದ ತಂಡಕ್ಕೆ ಪ್ರತ್ಯೇಕ ನಿಯಮ. ಹಿಂದೆ ಕೋಚ್ ಹೋದ ದಿನದಿಂದಲೇ ಅವರ ಹುಡುಗರಿಗೆ 30 ದಿನ ಸಿಗುತ್ತಿತ್ತು. ಹೊಸಬರು ಯಾರೆಂದು ಗೊತ್ತಾಗುವ ಮುಂಚೆಯೇ ತಂಡದ ಅರ್ಧ ಜನ ಹೆಸರು ಕೊಟ್ಟಿರುತ್ತಿದ್ದರು. ಈಗಿನ ನಿಯಮದಲ್ಲಿ ಹೊಸ ಮುಖ್ಯ ಕೋಚ್ ಘೋಷಣೆಯಾಗಿ ಐದು ದಿನ ಕಳೆದ ಮೇಲೆ 15 ದಿನ. ಏಪ್ರಿಲ್ 20ಕ್ಕೆ ಹೊಸ ಕೋಚ್ ಬಂದರೆ ಏಪ್ರಿಲ್ 25ರಿಂದ ಮೇ 9ರ ತನಕ ಆ ತಂಡದ ಬಾಗಿಲು ತೆರೆದಿರುತ್ತದೆ, ಉಳಿದವರಿಗೆ ಮುಚ್ಚಿದ್ದರೂ. ಆ ಐದು ದಿನ ಹೊಸ ಕೋಚ್‌ಗೆ ಒಬ್ಬೊಬ್ಬ ಹುಡುಗನನ್ನೂ ಕೂರಿಸಿಕೊಂಡು ಮಾತಾಡಲು. ಒಳ್ಳೆಯ ಬದಲಾವಣೆಯೇ. ಆದರೆ ಅಷ್ಟರೊಳಗೆ ಏಜೆಂಟರು, ಹಳೆಯ ಹೈಸ್ಕೂಲ್ ಕೋಚುಗಳು ಮಾತು ಮುಗಿಸಿರುತ್ತಾರೆ. ಹೆಸರು ಏರುವ ಮುಂಚೆ ಮಾತಾಡಿಸುವುದು ನಿಯಮಬಾಹಿರ. ಹೆಸರು ಏರಿ ಒಂದು ಗಂಟೆಯೊಳಗೆ ಹೊಸ ಕಾಲೇಜು ಘೋಷಣೆಯಾಗುವುದು ಹೇಗೆ ಎಂದು ನೀವೇ ಊಹಿಸಿ.

ಕೋಚ್ ಯಾವಾಗ ಹೋದರು ಅನ್ನುವುದೂ ಮುಖ್ಯ. ವರ್ಜೀನಿಯಾದ ಟೋನಿ ಬೆನೆಟ್ 2024ರ ಅಕ್ಟೋಬರ್‌ನಲ್ಲಿ, ಸೀಸನ್‌ಗೆ ಕೆಲವೇ ವಾರ ಇರುವಾಗ ನಿವೃತ್ತಿ ಹೇಳಿದರು. ಮಯಾಮಿಯ ಜಿಮ್ ಲಾರನ್ಯಾಗಾ ಅದೇ ಡಿಸೆಂಬರ್‌ನಲ್ಲಿ, ಸೀಸನ್ ನಡುವೆಯೇ. ಆ ಹೊತ್ತಿಗೆ ಹುಡುಗರು ಆಯಾ ಕಾಲೇಜಿನಲ್ಲಿ ದಾಖಲಾಗಿ ಕ್ಲಾಸು ಶುರುವಾಗಿರುತ್ತದೆ. ಬಿಟ್ಟು ಹೋದರೂ ಆ ಶೈಕ್ಷಣಿಕ ವರ್ಷದಲ್ಲಿ ಇನ್ನೊಂದು ತಂಡಕ್ಕೆ ಆಡುವಂತಿಲ್ಲ. ಹಾಗಾಗಿ ತಂಡ ಅಲ್ಲೇ ನಿಲ್ಲುತ್ತದೆ, ಹಂಗಾಮಿ ಕೋಚ್ ವರ್ಷ ದೂಡುತ್ತಾರೆ. ವರ್ಜೀನಿಯಾ ರಾನ್ ಸ್ಯಾಂಚೆಜ್ ಕೈಕೆಳಗೆ 15–17ರಲ್ಲಿ ಮುಗಿಸಿತು. ಇಂಥ ತಂಡದ ಬಾಕಿ ಮುಂದಿನ ಏಪ್ರಿಲ್‌ಗೆ ತೀರುತ್ತದೆ. ರಯಾನ್ ಓಡಮ್ ಬಂದ ಮೇಲೆ ಅಲ್ಲಿ ಆದದ್ದೂ ಅದೇ, ಹೆಚ್ಚು ಕಡಿಮೆ ಇಡೀ ತಂಡ ಹೊಸದು.

ಇನ್ನು ಲೆಕ್ಕ. ಒಂದು ನೋಟ್‌ಬುಕ್ ಸಾಕು. ಕಾಲೇಜ್ ಪಂದ್ಯ 20 ನಿಮಿಷದ ಎರಡು ಹಾಫ್, ಅಂದರೆ 40 ನಿಮಿಷ; ಕೋರ್ಟಿನಲ್ಲಿ ಐವರು; ಒಂದು ತಂಡಕ್ಕೆ ಪಂದ್ಯಕ್ಕೆ 200 ನಿಮಿಷ. 32 ಪಂದ್ಯ ಆಡಿದರೆ 6,400. ಹೋದ ವರ್ಷದ ಒಟ್ಟು ನಿಮಿಷಗಳಲ್ಲಿ ಉಳಿದುಕೊಂಡ ಹುಡುಗರು ಆಡಿದ್ದು ಎಷ್ಟು? ಸರಾಸರಿ ನಿಮಿಷ ಕೂಡಿದರೆ ಮೋಸ ಹೋಗುತ್ತೀರಿ. ಒಬ್ಬ ಪಂದ್ಯಕ್ಕೆ 28 ನಿಮಿಷ ಆಡಿದ್ದಾನೆ ಅಂದುಕೊಳ್ಳಿ. 28ನ್ನು 200ರಿಂದ ಭಾಗಿಸಿದರೆ ಶೇ. 14. ಆದರೆ ಮೊಣಕಾಲು ಪೆಟ್ಟಾಗಿ ಅವನು ಆಡಿದ್ದು 12 ಪಂದ್ಯ ಮಾತ್ರ. 28 ಗುಣಿಸು 12 ಅಂದರೆ 336, 6,400ಕ್ಕೆ ಶೇ. 5ರ ಚಿಲ್ಲರೆ. ಒಟ್ಟು ನಿಮಿಷವನ್ನೇ ಹಿಡಿಯಬೇಕು.

ಉಳಿದವರ ಪಾಲು ಶೇ. 50 ದಾಟಿದರೆ ಅದು ಹಳೆಯ ತಂಡ, ಡಿಸೆಂಬರ್‌ನಲ್ಲೇ ಚೆನ್ನಾಗಿ ಆಡುತ್ತದೆ. ಶೇ. 25ಕ್ಕಿಂತ ಕಡಿಮೆಯಾದರೆ ಹೆಸರು ಮಾತ್ರ ಹಳೆಯದು. ನಡುವಿನದಕ್ಕೆ ಇನ್ನೊಂದು ಪ್ರಶ್ನೆ ಕೇಳಬೇಕು: ಉಳಿದವರಲ್ಲಿ ಪಾಯಿಂಟ್ ಗಾರ್ಡ್ ಇದ್ದಾನೆಯೇ? ಅವನಿದ್ದರೆ ಶೇ. 35 ಕೂಡ ಬದುಕುತ್ತದೆ. ಮೂವರು ವಿಂಗ್ (ಬದಿಯಲ್ಲಿ ಆಡುವ) ಆಟಗಾರರು ಉಳಿದು ಚೆಂಡು ತರುವವನೇ ಹೋಗಿದ್ದರೆ ಶೇ. 50 ಕೂಡ ಕಾಗದದ ಮೇಲಿನ ಲೆಕ್ಕ.

ಪಟ್ಟಿ ಮಾಡುವಾಗ ಹೋದವರನ್ನು ಮೂರು ಗುಂಪು ಮಾಡಿಕೊಳ್ಳಿ. ಅವಧಿ ಮುಗಿದವರು (ಐದು ವರ್ಷದೊಳಗೆ ನಾಲ್ಕು ಸೀಸನ್ ಎಂಬುದು ಮೂಲ ಲೆಕ್ಕ), ಎನ್‌ಬಿಎ ಡ್ರಾಫ್ಟ್‌ಗೆ ಹೆಸರು ಕೊಟ್ಟವರು, ಪೋರ್ಟಲ್‌ನವರು. ಎರಡನೇ ಗುಂಪಿನವರು ಮೇ ಕೊನೆಯೊಳಗೆ ಹೆಸರು ವಾಪಸ್ ತೆಗೆದು ಮರಳಬಹುದು. ಅವರನ್ನು ಪೆನ್ಸಿಲ್‌ನಲ್ಲಿ ಬರೆಯಿರಿ. ಪೋರ್ಟಲ್‌ನಿಂದಲೂ ಹೆಸರು ಹಿಂತೆಗೆಯಬಹುದು, ಆದರೆ ಹಳೆಯ ಕಾಲೇಜು ಅವನನ್ನು ಮತ್ತೆ ಸೇರಿಸಿಕೊಳ್ಳಲೇಬೇಕೆಂದಿಲ್ಲ. 2024–25ರ ತಂಡಗಳನ್ನು ಈಗಿನದಕ್ಕೆ ಹೋಲಿಸುವಾಗ ಒಂದು ಎಚ್ಚರ: ಕೋವಿಡ್ ಕಾಲದ 2020–21ರ ಸೀಸನ್ ಯಾರ ಲೆಕ್ಕಕ್ಕೂ ಹಿಡಿಯಲಿಲ್ಲ, ಹಾಗಾಗಿ ಆ ತನಕ 23–24 ವರ್ಷದ ಹುಡುಗರು ತುಂಬಿಕೊಂಡಿದ್ದರು.

ಬರುವವರನ್ನು ಅಳೆಯುವುದು ಕಷ್ಟದ ಕೆಲಸ. ಸಣ್ಣ ಕಾನ್ಫರೆನ್ಸ್‌ನಲ್ಲಿ (ಕಾಲೇಜುಗಳ ಲೀಗ್) ಪಂದ್ಯಕ್ಕೆ 15 ಪಾಯಿಂಟ್ ಎಂದರೆ ಎಲ್ಲರೂ ಹುಬ್ಬೇರಿಸುತ್ತಾರೆ. ಆ 15ಕ್ಕೆ ಎಷ್ಟು ಶಾಟ್ ಬೇಕಾಯಿತು? ಅದನ್ನು ಅಳೆಯುವ ಟ್ರೂ ಶೂಟಿಂಗ್ ಸೂತ್ರ ಸರಳ: ಶಾಟ್‌ಗಳ ಸಂಖ್ಯೆಗೆ ಫ್ರೀ ಥ್ರೋಗಳ 0.44 ಪಾಲು ಕೂಡಿಸಿ, ಎರಡರಿಂದ ಗುಣಿಸಿ, ಪಾಯಿಂಟ್‌ಗಳನ್ನು ಅದರಿಂದ ಭಾಗಿಸಿ. 15 ಪಾಯಿಂಟ್, 12 ಶಾಟ್, 4 ಫ್ರೀ ಥ್ರೋ ಇದ್ದವನದು ಶೇ. 54.5. ಇನ್ನೊಬ್ಬನದು 11 ಪಾಯಿಂಟ್, ಆದರೆ 7 ಶಾಟ್, 3 ಫ್ರೀ ಥ್ರೋ: ಶೇ. 66. ದೊಡ್ಡ ಕಾಲೇಜಿನಲ್ಲಿ ಹೊಸಬನಿಗೆ 12 ಶಾಟ್ ಯಾರೂ ಕೊಡುವುದಿಲ್ಲ. 7 ಕೊಡಬಹುದು. ಎರಡನೆಯವನು ಮೇಲೆ ಹೋದರೂ ಅದೇ ಕೆಲಸ ಮಾಡುತ್ತಾನೆ. ಮೊದಲನೆಯವನು ತನಗೆ ಗೊತ್ತಿಲ್ಲದ ಕೆಲಸ ಕಲಿಯಬೇಕು. ಥ್ರೀ ಪಾಯಿಂಟ್ ಶೇಕಡಾವಾರು ನೋಡುವಾಗಲೂ 50 ಎಸೆತದ ಶೇ. 42ನ್ನು ನಂಬಬೇಡಿ, 200 ಎಸೆತದ ಶೇ. 38ನ್ನು ನಂಬಿ. ಅನುಮಾನ ಬಂದರೆ ಫ್ರೀ ಥ್ರೋ ನೋಡಿ. ಶೇ. 60 ಫ್ರೀ ಥ್ರೋ ಹಾಕುವವನ ಥ್ರೀ ಅಂಕಿ ಮುಂದಿನ ವರ್ಷ ಇಳಿಯುವ ಸಾಧ್ಯತೆಯೇ ಹೆಚ್ಚು.

ಇಷ್ಟೆಲ್ಲ ಒಟ್ಟಿಗೆ ನೋಡಲು 2024ರ ಕೆಂಟಕಿಗಿಂತ ಒಳ್ಳೆಯ ಪಾಠವಿಲ್ಲ. ಆ ಮಾರ್ಚ್ 21ಕ್ಕೆ 3ನೇ ಸೀಡ್ ಕೆಂಟಕಿಯನ್ನು 14ನೇ ಸೀಡ್ ಓಕ್ಲಂಡ್ 80–76ರಿಂದ ಮನೆಗೆ ಕಳಿಸಿತು. ಜ್ಯಾಕ್ ಗೋಲ್ಕಿ ಒಬ್ಬನೇ ಹತ್ತು ಥ್ರೀ ಹಾಕಿದ. ಕೋಚ್ ಜಾನ್ ಕ್ಯಾಲಿಪರಿಯನ್ನು ಕಳಿಸಿ ಎಂದು ಊರೆಲ್ಲ ಕೂಗಿತು. ಕಳಿಸಿದ್ದರೆ ಒಪ್ಪಂದದ ಪ್ರಕಾರ ಸುಮಾರು 3.3 ಕೋಟಿ ಡಾಲರ್ ಕೊಡಬೇಕಿತ್ತು. ಏಪ್ರಿಲ್‌ನಲ್ಲಿ ಅವರೇ ಅರ್ಕಾನ್ಸಾಗೆ ಹೊರಟರು, ಕೆಂಟಕಿಗೆ ಆ ಹಣ ಉಳಿಯಿತು. ಯಾವ ಕೋಚ್ ಹೋಗುತ್ತಾರೆ ಎಂದು ಊಹಿಸುವಾಗ ಸೋಲು–ಗೆಲುವಿಗಿಂತ ಮೊದಲು ಈ ಬೈಔಟ್ ಮೊತ್ತ ನೋಡಬೇಕು. ಸಾರ್ವಜನಿಕ ವಿಶ್ವವಿದ್ಯಾಲಯಗಳ ಒಪ್ಪಂದಗಳು ಸಾಮಾನ್ಯವಾಗಿ ಪತ್ರಿಕೆಗಳಲ್ಲಿ ಬರುತ್ತವೆ.

ಕೆಂಟಕಿಗೆ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದಿಂದ (ಬಿವೈಯು) ಮಾರ್ಕ್ ಪೋಪ್ ಬಂದರು, 1996ರಲ್ಲಿ ಅದೇ ಕೆಂಟಕಿಗೆ ಆಡಿ ಚಾಂಪಿಯನ್ ಆದವರು. ಬಂದಾಗ ಸ್ಕಾಲರ್‌ಶಿಪ್ ಮೇಲೆ ಆಡಿದ್ದ ಒಬ್ಬನೂ ಉಳಿಯಲಿಲ್ಲ. ಡಿಲಿಂಗ್‌ಹ್ಯಾಮ್, ಶೆಪರ್ಡ್ ಎನ್‌ಬಿಎಗೆ. ಅಡೂ ಥಿಯೆರೊ, ಡಿಜೆ ವ್ಯಾಗ್ನರ್, ಜ್ವೊನಿಮಿರ್ ಇವಿಸಿಚ್ ಕ್ಯಾಲಿಪರಿ ಹಿಂದೆ ಅರ್ಕಾನ್ಸಾಗೆ. ಕೆಂಟಕಿಗೆ ಬರಬೇಕಿದ್ದ ಹೈಸ್ಕೂಲ್ ಹುಡುಗರಾದ ಬೂಗಿ ಫ್ಲ್ಯಾಂಡ್, ಕಾರ್ಟರ್ ನಾಕ್ಸ್, ಬಿಲ್ಲಿ ರಿಚ್ಮಂಡ್ ಕೂಡ ದಾರಿ ಬದಲಿಸಿ ಅಲ್ಲಿಗೇ. ನಮ್ಮ ನೋಟ್‌ಬುಕ್‌ನಲ್ಲಿ ಕೆಂಟಕಿಯ ಎದುರು ಶೂನ್ಯ.

ಪೋಪ್ ಏನು ಮಾಡಿದರು ನೋಡಿ. ಸ್ಟಾರ್‌ಗಳನ್ನು ಹುಡುಕಲಿಲ್ಲ, ತಮ್ಮ ಆಟಕ್ಕೆ ಬೇಕಾದ ಕೆಲಸಗಳನ್ನು ಹುಡುಕಿದರು. ಅವರ ಆಟದಲ್ಲಿ ಐವರೂ ಥ್ರೀ ಗೆರೆಯ ಹೊರಗೆ ನಿಲ್ಲುತ್ತಾರೆ, ದೊಡ್ಡ ದೇಹದ ಆಟಗಾರ ಮೇಲ್ಭಾಗದಲ್ಲಿ ಚೆಂಡು ಹಿಡಿದು ನಿಂತು, ಹಿಂದಿನಿಂದ ನುಗ್ಗುವವರಿಗೆ ಪಾಸ್ ಕೊಡುತ್ತಾನೆ. ಬಿವೈಯುನಲ್ಲಿ ಆ ಕೆಲಸ ಮಾಡಿದವನು ಅಲಿ ಖಲೀಫಾ. ಕೆಂಟಕಿಗೆ ಡ್ರೆಕ್ಸೆಲ್‌ನಿಂದ ಅಮಾರಿ ವಿಲಿಯಮ್ಸ್‌ನನ್ನು ತಂದರು. ಜನ ಅವನನ್ನು ರಕ್ಷಣೆಗೆ ತಂದರು ಅಂದುಕೊಂಡರು, ಪೋಪ್ ನೋಡಿದ್ದು ಅವನ ಪಾಸನ್ನೂ. ತಮ್ಮ ಆಟ ಗೊತ್ತಿದ್ದ ಜಾಕ್ಸನ್ ರಾಬಿನ್ಸನ್‌ನನ್ನು ಬಿವೈಯುನಿಂದಲೇ ಕರೆತಂದರು. ಅನುಭವಿ ಪಾಯಿಂಟ್ ಗಾರ್ಡ್ ಲಮಾಂಟ್ ಬಟ್ಲರ್ ಸ್ಯಾನ್ ಡಿಯೇಗೋ ಸ್ಟೇಟ್‌ನಿಂದ, ಒಟೇಗಾ ಒವೇ ಓಕ್ಲಹೋಮಾದಿಂದ, ಆಂಡ್ರೂ ಕಾರ್ ವೇಕ್ ಫಾರೆಸ್ಟ್‌ನಿಂದ. ಡೇಟನ್‌ನ ಕೋಬಿ ಬ್ರೇ ಹಿಂದಿನ ಸೀಸನ್‌ನಲ್ಲಿ ಶೇ. 49.8 ಥ್ರೀ ಹಾಕಿ ದೇಶಕ್ಕೇ ಮೊದಲಿಗ. ಕೆಂಟಕಿಯಲ್ಲಿ ಅದು ಶೇ. 43ರ ಆಸುಪಾಸಿಗೆ ಇಳಿಯಿತು. ಇಳಿಯಲೇಬೇಕಿತ್ತು, ಶೇ. 50 ಯಾರಿಗೂ ನಿಲ್ಲುವುದಿಲ್ಲ. ಇಳಿದ ಮೇಲೂ ಅವನು ತಂಡದ ಅತ್ಯುತ್ತಮ ಶೂಟರ್.

ಪೆಟ್ಟು ಅವರನ್ನು ಬಿಡಲಿಲ್ಲ. ಡಿಸೆಂಬರ್‌ನಲ್ಲಿ ಕೆರ್ ಕ್ರೀಸಾ ಕಾಲು ಮುರಿದುಕೊಂಡ, ಬಟ್ಲರ್‌ಗೆ ಭುಜ, ರಾಬಿನ್ಸನ್‌ಗೆ ಮಣಿಕಟ್ಟಿನ ಶಸ್ತ್ರಚಿಕಿತ್ಸೆಯಾಗಿ ಸೀಸನ್ನೇ ಮುಗಿಯಿತು. ಆದರೂ 24–12, ಹದಿನಾರರ ಸುತ್ತು. ಅತ್ತ ಅರ್ಕಾನ್ಸಾ ತನ್ನ ಕಾನ್ಫರೆನ್ಸ್ ಎಸ್‌ಇಸಿಯಲ್ಲಿ ಮೊದಲ ಐದೂ ಪಂದ್ಯ ಸೋತು, ಫೆಬ್ರುವರಿ 1ಕ್ಕೆ ಕೆಂಟಕಿಯ ರಪ್ ಅರೀನಾಗೇ ಹೋಗಿ 89–79ರಿಂದ ಗೆದ್ದು, 10ನೇ ಸೀಡ್ ಆಗಿ ಕ್ಯಾನ್ಸಸ್ ಮತ್ತು ಸೇಂಟ್ ಜಾನ್ಸ್ ತಂಡಗಳನ್ನು ಉರುಳಿಸಿ ಅದೇ ಹದಿನಾರರ ಸುತ್ತಿಗೆ ಬಂತು. ಶೂನ್ಯದಿಂದ ಕಟ್ಟಿದ ತಂಡಗಳು ನವೆಂಬರ್‌ನಲ್ಲಿ ಒಂದು ಥರ, ಮಾರ್ಚ್‌ನಲ್ಲಿ ಇನ್ನೊಂದು ಥರ.

ಅದಕ್ಕೆ ಕಾರಣ ಗಡಿಯಾರ. ಬೇಸಿಗೆಯಲ್ಲಿ ಕೋಚ್‌ಗೆ ಸಿಗುವುದು ಎಂಟು ವಾರ, ವಾರಕ್ಕೆ ಎಂಟು ಗಂಟೆ, ಅದರಲ್ಲಿ ಚೆಂಡು ಹಿಡಿದು ಕಲಿಸುವುದಕ್ಕೆ ನಾಲ್ಕೇ ಗಂಟೆ. ಸೀಸನ್ ಮುಂಚಿನ ಪೂರ್ಣ ಅಭ್ಯಾಸ ಮೊದಲ ಪಂದ್ಯಕ್ಕೆ 42 ದಿನ ಇರುವಾಗ ಶುರು, 30 ಪ್ರಾಕ್ಟೀಸ್. ಅಷ್ಟರಲ್ಲಿ ಪಿಕ್ ಅಂಡ್ ರೋಲ್ (ಒಬ್ಬ ಅಡ್ಡ ನಿಂತು, ಅಂದರೆ ಸ್ಕ್ರೀನ್ ಹಾಕಿ, ಚೆಂಡಿನವನಿಗೆ ದಾರಿ ಮಾಡಿ ತಾನು ಬುಟ್ಟಿಯತ್ತ ನುಗ್ಗುವ ಆಟ) ಎದುರಿನ ರಕ್ಷಣೆಯೊಂದನ್ನೇ ಹೊಂದಿಸುವುದು ಕಷ್ಟ. ಒಬ್ಬ ಹುಡುಗ ಹಳೆಯ ತಂಡದಲ್ಲಿ ಸ್ಕ್ರೀನ್ ಬಂದಾಗ ಹಿಂದೆ ಸರಿದು ಬುಟ್ಟಿ ಕಾಯುತ್ತಿದ್ದ, ಇನ್ನೊಬ್ಬ ಮುಂದೆ ನುಗ್ಗಿ ಗಾರ್ಡನ್ನು ತಡೆಯುತ್ತಿದ್ದ, ಮೂರನೆಯವನು ಆಳು ಬದಲಿಸಿಕೊಳ್ಳುತ್ತಿದ್ದ. ಮೂವರೂ ಒಂದೇ ಸ್ಕ್ರೀನ್‌ಗೆ ಮೂರು ಥರ ಪ್ರತಿಕ್ರಿಯಿಸಿದರೆ ಮೂಲೆಯಲ್ಲಿ ಒಬ್ಬ ಶೂಟರ್ ಒಂಟಿಯಾಗಿ ನಿಂತಿರುತ್ತಾನೆ. ಡಿಸೆಂಬರ್ ತನಕ ಹೊಸ ತಂಡಗಳು ತಿನ್ನುವ ಥ್ರೀಗಳಲ್ಲಿ ಬಹುಪಾಲು ಇಂಥವೇ.

ಕೋಚ್ ಹಿಂದೆ ಹೋಗುವ ಆಟಗಾರ ಬೆಲೆಬಾಳುವುದು ಇದಕ್ಕೇ. ಅವನು ಬರೀ ಒಬ್ಬ ಆಟಗಾರನಲ್ಲ, ಪ್ರಾಕ್ಟೀಸಿನಲ್ಲಿ ಉಳಿದವರಿಗೆ ಎಲ್ಲಿ ನಿಲ್ಲಬೇಕೆಂದು ತೋರಿಸುವವನು. ಡಸ್ಟಿ ಮೇ ಫ್ಲೋರಿಡಾ ಅಟ್ಲಾಂಟಿಕ್‌ನಿಂದ ಮಿಶಿಗನ್‌ಗೆ ಹೋದಾಗ ಸೆಂಟರ್ ವ್ಲಾಡಿಸ್ಲಾವ್ ಗೋಲ್ಡಿನ್ ಜೊತೆಗೇ ಹೋದ. ಯೇಲ್‌ನಿಂದ ಡ್ಯಾನಿ ವುಲ್ಫ್ ಬಂದ. 8–24 ಇದ್ದ ತಂಡ ಒಂದೇ ವರ್ಷದಲ್ಲಿ 27–10.

ಹಿಂದೆ ಹೋಗದವನೂ ಬೆಳಗಬಹುದು, ತನಗೆ ಸರಿಹೊಂದುವ ಜಾಗ ಹುಡುಕಿಕೊಂಡರೆ. 2023ರಲ್ಲಿ ರಿಕ್ ಪಿಟಿನೊ (ಮೇಲೆ ಹೇಳಿದ ರಿಚರ್ಡ್ ಅವರ ತಂದೆ) ಅಯೋನಾ ಬಿಟ್ಟು ಸೇಂಟ್ ಜಾನ್ಸ್‌ಗೆ ಹೋದರು. ಅವರ ಗಾರ್ಡ್ ವಾಲ್ಟರ್ ಕ್ಲೇಟನ್ ಜೂನಿಯರ್ ಹಿಂದೆ ಹೋಗದೆ ತನ್ನ ಊರಿನ ರಾಜ್ಯದ ಫ್ಲೋರಿಡಾ ಸೇರಿದ. ಬೆಲ್ಮಾಂಟ್‌ನಿಂದ ವಿಲ್ ರಿಚರ್ಡ್, ಫ್ಲೋರಿಡಾ ಅಟ್ಲಾಂಟಿಕ್‌ನಿಂದ ಅಲೈಜಾ ಮಾರ್ಟಿನ್ ಅಲ್ಲಿಗೆ ಬಂದರು. 2025ರ ಫೈನಲ್‌ನಲ್ಲಿ ಹ್ಯೂಸ್ಟನ್ ಎದುರು ಫ್ಲೋರಿಡಾ ಎರಡನೇ ಹಾಫ್‌ನಲ್ಲಿ 12 ಪಾಯಿಂಟ್ ಹಿಂದಿತ್ತು. ಮೊದಲ ಹಾಫ್‌ನಲ್ಲಿ ಕ್ಲೇಟನ್ ಒಂದೂ ಪಾಯಿಂಟ್ ಗಳಿಸಿರಲಿಲ್ಲ. ಕೊನೆಯ ಕ್ಷಣದಲ್ಲಿ ಸ್ಕೋರು 65–63. ಹ್ಯೂಸ್ಟನ್‌ನ ಇಮ್ಯಾನುಯೆಲ್ ಶಾರ್ಪ್ ಥ್ರೀಗೆ ಜಿಗಿದ, ಕ್ಲೇಟನ್ ಓಡಿ ಬಂದು ಎದುರು ಹಾರಿದ. ಶಾರ್ಪ್ ಗಾಳಿಯಲ್ಲೇ ಮನಸ್ಸು ಬದಲಿಸಿ ಚೆಂಡು ಕೆಳಗೆ ಬಿಟ್ಟ. ತಾನೇ ಮುಟ್ಟಿದರೆ ಟ್ರಾವೆಲ್ ಎಂಬ ನಿಯಮಭಂಗ, ಹಾಗಾಗಿ ಪುಟಿಯುವ ಚೆಂಡಿನ ಮುಂದೆ ನಿಂತು ನೋಡಿದ; ಅಷ್ಟರಲ್ಲಿ ಫ್ಲೋರಿಡಾದವರು ಮೇಲೆ ಬಿದ್ದರು. ಸಣ್ಣ ಕಾಲೇಜಿನಿಂದ ಬಂದ ಸ್ಕೋರರ್ ದೊಡ್ಡ ಫೈನಲ್ ಗೆಲ್ಲಿಸಿಕೊಟ್ಟದ್ದು ರಕ್ಷಣೆಯಿಂದ. ಅಂಕಿಗಳ ಕಾಗದದಲ್ಲಿ ಇದಕ್ಕೆ ಕಾಲಮ್ ಇಲ್ಲ.

ಎಲ್ಲರೂ ಹೀಗೇ ಕಟ್ಟಬೇಕೆಂದಿಲ್ಲ. ಪರ್ಡ್ಯೂನಲ್ಲಿ ಮ್ಯಾಟ್ ಪೇಂಟರ್ 2005ರಿಂದ ಇದ್ದಾರೆ; ಬ್ರೇಡನ್ ಸ್ಮಿತ್, ಫ್ಲೆಚರ್ ಲಾಯರ್, ಟ್ರೇ ಕಾಫ್‌ಮನ್-ರೆನ್ ಮೂವರನ್ನೂ ಹೈಸ್ಕೂಲಿನಿಂದ ತಂದು ಬೆಳೆಸಿದರು. 2024ರ ಫೈನಲ್ ತನಕ ಹೋದ ತಂಡ ಅದು. ಕೋಚ್ ಕದಲದಿದ್ದರೆ ಹುಡುಗರೂ ಕದಲುವುದು ಕಡಿಮೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಹಣದ ಬಗ್ಗೆ ಚುಟುಕಾಗಿ. 2021ರ ಜುಲೈನಿಂದ ಹೆಸರು, ಮುಖ ಮಾರಿಕೊಳ್ಳುವ ಹಕ್ಕು ಬಂತು. 2025ರ ಜುಲೈನಿಂದ ಕಾಲೇಜೇ ನೇರವಾಗಿ ಕೊಡಬಹುದು, 2025–26ಕ್ಕೆ ಎಲ್ಲ ಆಟ ಸೇರಿ ಸುಮಾರು 2.05 ಕೋಟಿ ಡಾಲರ್ ಮಿತಿ ಇತ್ತು. ದೊಡ್ಡ ಫುಟ್‌ಬಾಲ್ ಕಾಲೇಜುಗಳಲ್ಲಿ ಪುರುಷರ ಬ್ಯಾಸ್ಕೆಟ್‌ಬಾಲ್‌ಗೆ ಸಾಮಾನ್ಯವಾಗಿ ಹೇಳುವ ಪಾಲು ಶೇ. 15, ಅಂದರೆ 30 ಲಕ್ಷ ಡಾಲರ್ ಚಿಲ್ಲರೆ, 15 ಜನರ ತಂಡಕ್ಕೆ. ಸೇಂಟ್ ಜಾನ್ಸ್‌ನಂಥ ಕಡೆ ಫುಟ್‌ಬಾಲ್ ತಂಡವೇ ಇಲ್ಲ, ಹಾಗಾಗಿ ಬ್ಯಾಸ್ಕೆಟ್‌ಬಾಲ್‌ಗೆ ಕೈ ಬಿಚ್ಚಬಹುದು. ವಾಟ್ಸಾಪ್‌ನಲ್ಲಿ ಓಡಾಡುವ ಡಾಲರ್ ಅಂಕಿಗಳಲ್ಲಿ ಬಹುಪಾಲು ಏಜೆಂಟರು ಹರಿಬಿಟ್ಟವು; ಅವುಗಳ ಮೇಲೆ ಏನನ್ನೂ ಕಟ್ಟಬೇಡಿ.

ಟ್ರಾನ್ಸ್‌ಫರ್ ಎಡವುವುದು ಹಣದಲ್ಲಲ್ಲ, ಹೆಚ್ಚಾಗಿ ಮಾರ್ಕ್ಸ್ ಕಾರ್ಡಿನಲ್ಲಿ. ಎರಡನೇ ವರ್ಷ ಮುಗಿಯುವಾಗ ಡಿಗ್ರಿಯ ಶೇ. 40, ಮೂರನೆಯದಕ್ಕೆ 60, ನಾಲ್ಕನೆಯದಕ್ಕೆ 80 ಮುಗಿದಿರಬೇಕು, ಅದೂ ಹೊಸ ಕಾಲೇಜಿನ ಡಿಗ್ರಿಯ ಲೆಕ್ಕದಲ್ಲಿ. ಹಳೆಯ ಕಾಲೇಜಿನ ಕ್ರೆಡಿಟ್‌ಗಳಲ್ಲಿ ಒಂದಿಷ್ಟನ್ನು ಹೊಸಬರು ಒಪ್ಪದಿದ್ದರೆ ಶೇಕಡಾ ತಟ್ಟನೆ ಕುಸಿಯುತ್ತದೆ. ಆಗ ಬೇಸಿಗೆ ಕ್ಲಾಸು, ಇಲ್ಲವೇ ಕೋರ್ಸನ್ನೇ ಬದಲಿಸಿ ಕ್ರೆಡಿಟ್ ಹೊಂದುವ ಯಾವುದೋ ಡಿಗ್ರಿ. ಮೂರು ಕಾಲೇಜು ಸುತ್ತಿದವರಿಗೆ ಇದು ದೊಡ್ಡ ತಲೆನೋವು.

ನಮ್ಮಲ್ಲಿ ತೊಡಕು ಬೇರೆ ಥರದ್ದು. ಬಳ್ಳಾರಿಯ ಒಂದೇ ಕೋರ್ಟಿನಲ್ಲಿ ಬೆಳೆದ ಇಬ್ಬರಲ್ಲಿ ಬಿಕಾಂ ಓದುವವನು ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದ ಜೆರ್ಸಿ, ಬಿಇ ಓದುವವನು ವಿಟಿಯು ಜೆರ್ಸಿ ಹಾಕಿ ದಕ್ಷಿಣ ವಲಯದಲ್ಲಿ ಎದುರುಬದುರಾಗಬಹುದು. ಕಾಲೇಜು ಬದಲಾದರೆ ಟಿಸಿ, ವಿಶ್ವವಿದ್ಯಾಲಯ ಬದಲಾದರೆ ಮೈಗ್ರೇಷನ್ ಸರ್ಟಿಫಿಕೇಟ್, ಮೇಲೆ 25ರ ವಯೋಮಿತಿ. ಪಿಡಿ ಸರ್ ವರ್ಗವಾದರೆ ತಂಡ ಅಲ್ಲೇ ಇರುತ್ತದೆ. ಅವರ ತಲೆಯಲ್ಲಿದ್ದ ಆಟ ಅವರ ಜೊತೆ ಹೋಗುತ್ತದೆ. ಹೊಸಬರು ಬರುವ ಮುಂಚೆ ಯಾವ ಹುಡುಗನಿಗೆ ಎಷ್ಟು ವರ್ಷ ಬಾಕಿ, ಯಾರ ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಹುಟ್ಟಿದ ದಿನಾಂಕ ತಪ್ಪಿದೆ, ಬದಿಯಿಂದ ಚೆಂಡು ಒಳಹಾಕುವಾಗ ಆಡುವ ಎರಡು ಪ್ಲೇಗಳ ಹೆಸರೇನು ಎಂದು ಒಂದು ಹಾಳೆಯಲ್ಲಿ ಬರೆಸಿಕೊಂಡರೆ ಒಂದು ತಿಂಗಳ ಕೆಲಸ ಉಳಿಯುತ್ತದೆ.

ಅಮೆರಿಕದ ಕಾಲೇಜೊಂದರಿಂದ ಕರೆ ಬರುವ ಎತ್ತರದ ಹುಡುಗರು ಈ ಕಡೆಯಿಂದಲೂ ಹೊರಡಬಹುದು. ಅಂಥವರು, ಅವರ ಮನೆಯವರು ಕ್ಯಾಂಪಸ್ ಫೋಟೊ ನೋಡುವ ಮುಂಚೆ ಕೇಳಬೇಕಾದ್ದು: ಮುಖ್ಯ ಕೋಚ್‌ನ ಒಪ್ಪಂದ ಎಷ್ಟು ವರ್ಷ ಬಾಕಿ, ಬೈಔಟ್ ಎಷ್ಟು, ನಿಮ್ಮ ಜೊತೆ ಫೋನಿನಲ್ಲಿ ಮಾತಾಡುತ್ತಿರುವ ಸಹಾಯಕ ಕೋಚ್ ಬೇರೆ ಕಡೆ ಹೋದರೆ ನಿಮ್ಮನ್ನು ಬಲ್ಲವರು ಅಲ್ಲಿ ಇನ್ಯಾರು. ಸ್ಕಾಲರ್‌ಶಿಪ್ ಒಂದು ವರ್ಷದ್ದೋ ನಾಲ್ಕು ವರ್ಷದ್ದೋ ಬರವಣಿಗೆಯಲ್ಲಿ ಇರಲಿ. ಡಿವಿಷನ್ ಒಂದಕ್ಕೆ 16 ಕೋರ್ ಕೋರ್ಸ್, ಅವುಗಳಲ್ಲಿ ಕನಿಷ್ಠ 2.3 ಜಿಪಿಎ ಬೇಕು. ಎಸ್‌ಎಟಿ ಅಂಕ 2023ರಿಂದ ಕಡ್ಡಾಯವಲ್ಲ. ಪಿಯುಸಿ ಮುಗಿದು ಒಂದು ವರ್ಷಕ್ಕಿಂತ ಹೆಚ್ಚು ಸುಮ್ಮನೆ ಟೂರ್ನಮೆಂಟ್ ಆಡುತ್ತ ಕಳೆದರೆ ಅಲ್ಲಿನ ನಾಲ್ಕು ಸೀಸನ್‌ಗಳಲ್ಲಿ ಕತ್ತರಿ ಬೀಳುತ್ತದೆ.

ಎಫ್-1 (ವಿದ್ಯಾರ್ಥಿ) ವೀಸಾದ ಮೇಲೆ ಹೋದವನು ಸೆಮಿಸ್ಟರ್‌ಗೆ 12 ಕ್ರೆಡಿಟ್ ಕೆಳಗೆ ಇಳಿಯಬಾರದು. ಅಮೆರಿಕದ ನೆಲದಲ್ಲಿ ಹಣಕ್ಕಾಗಿ ಕೆಲಸ ಮಾಡುವುದಕ್ಕೆ ಬಿಗಿ ಮಿತಿಗಳಿರುವುದರಿಂದ, ಜಾಹೀರಾತಿನ ಒಪ್ಪಂದವಿರಲಿ, ಕಾಲೇಜಿನ ಹಂಚಿಕೆ ಹಣವಿರಲಿ, ಸಹಿ ಹಾಕುವ ಮುಂಚೆ ವಲಸೆ ವಕೀಲರನ್ನು ಕೇಳಲೇಬೇಕು. ಕೋಚ್ ಹೋಗಿ ಇವನೂ ಕಾಲೇಜು ಬದಲಿಸಬೇಕಾಗಿ ಬಂದರೆ ಪೋರ್ಟಲ್ ಒಂದೇ ಸಾಲದು. ಹಳೆಯ ಕಾಲೇಜಿನ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿ ಇವನ ಸೆವಿಸ್ (ವಿದೇಶಿ ವಿದ್ಯಾರ್ಥಿಗಳ ಸರ್ಕಾರಿ ಡೇಟಾಬೇಸ್) ದಾಖಲೆಯನ್ನು ಒಂದು ದಿನಾಂಕಕ್ಕೆ ಬಿಟ್ಟುಕೊಡಬೇಕು, ಆಮೇಲೆಯೇ ಹೊಸ ಐ-20 (ವಿದ್ಯಾರ್ಥಿ ವೀಸಾಕ್ಕೆ ಆಧಾರವಾದ ಕಾಲೇಜಿನ ಪತ್ರ). ಮುಂದಿನ ಕ್ಲಾಸು ಐದು ತಿಂಗಳೊಳಗೆ ಶುರುವಾಗಬೇಕು. ಮೇ ತಿಂಗಳಲ್ಲಿ ಹಳೆಯ ಐ-20 ಹಿಡಿದು ರಜೆಗೆ ಬಳ್ಳಾರಿಗೆ ಬಂದವನು ಆಗಸ್ಟ್‌ನಲ್ಲಿ ವಾಪಸ್ ಹೋಗುವಾಗ ಕೈಯಲ್ಲಿ ಹೊಸ ಕಾಲೇಜಿನ ಐ-20 ಇರಬೇಕು, ಆದ್ದರಿಂದ ಬಿಡುಗಡೆ ದಿನಾಂಕವನ್ನು ವಿಮಾನ ಟಿಕೆಟ್ ಕೊಳ್ಳುವ ಮುಂಚೆಯೇ ಇ-ಮೇಲ್‌ನಲ್ಲಿ ಬರೆಸಿಕೊಳ್ಳಿ.